ನಡುಸೀಟಿನ ಹೊಲಿಗೆ ಮೇಡಂ

ಹೋದ ತಿಂಗಳು ನಮ್ಮ ಹೊಲಿಗೆ ಮೇಡಂ ತೀರಿಕೊಂಡರು. ಹೆಡ್ಮಿಸ್ಸು ಫೋನು ಮಾಡಿ ಹೇಳಿದಾಗ ನಾನು ಒಂಬತ್ತನೇ ಕ್ಲಾಸಿನ ಟೆಸ್ಟ್ ಪೇಪರು ತಿದ್ದುತ್ತಾ ಕೂತಿದ್ದೆ. "ಎಷ್ಟು ಹೊತ್ತಿಗೆ ಎತ್ತುತ್ತಾರಂತೆ?" ಅಂತ ಕೇಳಿ ಫೋನಿಟ್ಟು ಮತ್ತೆ ಪೆನ್ನು ಹಿಡಿದೆ. ಮೂರು ಪೇಪರು ಮುಗಿದ ಮೇಲೆ ನೋಡುತ್ತೇನೆ, ಮೂರರಲ್ಲೂ ತಪ್ಪು ಉತ್ತರಕ್ಕೆ ರೈಟ್ ಹಾಕಿದ್ದೇನೆ. ಆಮೇಲೆ ಪೇಪರುಗಳನ್ನು ಕಟ್ಟಿಟ್ಟು ಸುಮ್ಮನೆ ಅತ್ತೆ.

ಅವರಿಗೂ ಒಂದು ಹೆಸರಿತ್ತು. ಹಾಜರಿ ಪುಸ್ತಕದ ಕೊನೆಯ ಸಾಲಿನಲ್ಲಿ ದಿನಾ ಆ ಹೆಸರಿನ ಮುಂದೆ ಅವರೇ ದುಂಡಗೆ ಸಹಿ ಹಾಕುತ್ತಿದ್ದರು. ಆದರೆ ಇಪ್ಪತ್ತೆರಡು ವರ್ಷ ನಮ್ಮ ಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಮಕ್ಕಳಿಗೆ ಹೊಲಿಗೆ ಮಿಸ್ಸು, ನಮಗೆ ಹೊಲಿಗೆ ಮೇಡಂ, ಊರಿನವರಿಗೆ ಹೊಲಿಗೆಯಮ್ಮ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ನಮ್ಮದು ನಂಜನಗೂಡಿನ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲು. ನಾನು ಅಲ್ಲಿ ಲೆಕ್ಕದ ಟೀಚರ್. ಮನೆ ಪಟ್ಟಣದಲ್ಲಿ, ಕುಂಬಾರಕೊಪ್ಪಲಿನಲ್ಲಿ. ಎರಡು ಬಸ್ಸು ಹತ್ತಿಳಿದು ಸಾಕಾಗಿ ಒಂದು ಚಿಕ್ಕ ಕಾರು ಕೊಂಡಿದ್ದೆ. ಒಬ್ಬಳೇ ರಾಣಿ ಹಾಗೆ ಓಡಾಡಿದ್ದು ಒಂದೇ ತಿಂಗಳು. ಆಮೇಲೆ ಒಬ್ಬೊಬ್ಬರಾಗಿ ನಾಲ್ಕು ಜನ ಸೇರಿಕೊಂಡರು. ಮುಂದಿನ ಸೀಟು ಹೆಡ್ಮಿಸ್ಸಿಗೆ, ಅದರಲ್ಲಿ ಚರ್ಚೆಯೇ ಇಲ್ಲ. ಹಿಂದೆ ಎಡಗಿಟಕಿಗೆ ಸೈನ್ಸ್ ಮೇಡಂ, ಬಲಗಿಟಕಿಗೆ ಹಿಂದಿ ಮೇಡಂ. ಕೊನೆಗೆ ಬಂದವರು ಹೊಲಿಗೆ ಮೇಡಂ. ಮೊದಲ ದಿನ ಬಾಗಿಲು ತೆರೆದು ಒಳಗೆ ಒಮ್ಮೆ ನೋಡಿ, "ನಾನು ಸಣ್ಣಕಿದ್ದೀನಿ, ನಡುವೆ ಸೇರ್ಕೋತೀನಿ ಬುಡಿ" ಅಂದರು.

ಅವರು ಸಣ್ಣಗಿರಲಿಲ್ಲ. ಚೆನ್ನಾಗೇ ಮೈ ತುಂಬಿಕೊಂಡಿದ್ದ ಹೆಂಗಸು. ಹಣೆಯ ಮೇಲೆ ತೆಳುವಾಗಿ ವಿಭೂತಿ, ಮುಂಗೈವರೆಗೆ ಬಳೆ, ಎಡಗೈ ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ಆ ಕಾರಿನ ಹಿಂದಿನ ನೆಲದ ನಡುವೆ ಒಂದು ಉಬ್ಬು ಇತ್ತು. ಅದರ ಆಚೆಗೊಂದು ಈಚೆಗೊಂದು ಕಾಲು ಇಟ್ಟು, ಭುಜ ಎರಡನ್ನೂ ಮುಂದಕ್ಕೆ ಕುಗ್ಗಿಸಿ, ಬೆನ್ನು ಸೀಟಿಗೆ ತಾಗಿಸದೆ ಕೂರುತ್ತಿದ್ದರು. ಪಕ್ಕದವರಿಬ್ಬರೂ ಆರಾಮಾಗಿ ಹಿಂದಕ್ಕೆ ಒರಗಲಿ ಅಂತ ಹಾಗೆ. ಮುಖ ಮಾತ್ರ ಸದಾ ನನ್ನ ಮತ್ತು ಹೆಡ್ಮಿಸ್ಸಿನ ಸೀಟುಗಳ ನಡುವೆ ಇರುತ್ತಿತ್ತು. ಮಾತು ಅಲ್ಲಿಂದ ಶುರುವಾಗುತ್ತಿತ್ತು, ಶಾಲೆಯ ಗೇಟು ಬಂದರೂ ಮುಗಿಯುತ್ತಿರಲಿಲ್ಲ.

ಏನು ಮಾತು ಅಂದರೆ ಹೇಳುವುದು ಕಷ್ಟ. ಯಾವ ಹುಡುಗಿ ಸಮವಸ್ತ್ರದ ಲಂಗದ ಅಂಚು ಎಷ್ಟು ಸಲ ಬಿಚ್ಚಿಸಿಕೊಂಡಳು, ಯಾರ ಮದುವೆಗೆ ಯಾರು ಯಾರದೋ ಬ್ಲೌಸು ತೊಟ್ಟು ಬಂದಿದ್ದರು, ಅವರೆಕಾಯಿ ಈ ಸಲ ಯಾಕೆ ಸೊಗಡಿಲ್ಲ, ಇಂಥವೇ. ಹೆಡ್ಮಿಸ್ಸು ಮೊದಲು ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದರು. ಆರು ತಿಂಗಳಾಗುವಷ್ಟರಲ್ಲಿ ಅವರೇ, "ಆಮೇಲೇನಾಯ್ತು ಹೇಳ್ರೀ ಮೇಡಂ" ಅಂತ ಹಿಂದಕ್ಕೆ ತಿರುಗುವ ಹಾಗಾಯಿತು.

ಶಾಲೆಯಲ್ಲಿ ನನಗೆ ಅವರು ಬಹುವಚನ ಬಿಟ್ಟು ಮಾತಾಡಿದವರಲ್ಲ. "ಲೆಕ್ಕದ ಮೇಡಂ, ಚಾಕ್‌ಪೀಸ್ ಇದ್ಯಾ?" ಅನ್ನುವವರು. ಸಂಜೆ ಕಾರು ರಿಂಗ್ ರೋಡು ದಾಟಿದ ತಕ್ಷಣ ನಾನು ಅವರಿಗೆ 'ನೀನು' ಆಗುತ್ತಿದ್ದೆ. "ಬ್ರೇಕ್ ಮೆಲ್ಲಗೆ ಒತ್ತು ಕಣಮ್ಮ, ನನ್ ಹಲ್ಲು ಹೆಡ್ಮಿಸ್ ತಲೆಗೆ ಕಚ್ಕೊಂಡ್ಬುಟ್ಟಾತು" ಅನ್ನುತ್ತಿದ್ದರು. ಬೆಳಿಗ್ಗೆ ಮತ್ತೆ ಅದೇ ರಿಂಗ್ ರೋಡಿನಲ್ಲಿ ಬಹುವಚನ ವಾಪಸ್ಸು ಬರುತ್ತಿತ್ತು. ಈ ಗಡಿ ಯಾರು ಹಾಕಿದ್ದು ಅಂತ ನಾನು ಕೇಳಲಿಲ್ಲ. ಆ 'ನೀನು' ಕೇಳಿಸಿಕೊಳ್ಳಲು ಸಂಜೆ ಆಗುವುದನ್ನೇ ಕಾಯುತ್ತಿದ್ದೆ.

ಹೊಲಿಗೆ ಪೀರಿಯಡ್ಡು ಅಂದರೆ ಶಾಲೆಯಲ್ಲಿ ಎಲ್ಲರ ಪಾಲಿಗೂ ಬಿಟ್ಟಿ ಜಾಗ. ಪಾಠ ಮುಗಿದಿಲ್ಲ, ಪರೀಕ್ಷೆ ಹತ್ತಿರ ಬಂತು ಅಂದರೆ ಸೀದಾ ಅವರ ಪೀರಿಯಡ್ಡಿಗೆ ಕೈ ಹಾಕುವುದು. ಅತಿ ಹೆಚ್ಚು ಕೈ ಹಾಕಿದವಳು ನಾನೇ. "ಮೇಡಂ, ಇವತ್ತು ನಿಮ್ಮದು ಕೊಡ್ತೀರಾ?" ಅಂದರೆ ಅವರು ಕತ್ತರಿ ಡಬ್ಬಿ ಎತ್ತಿಕೊಂಡು ಎದ್ದೇಬಿಡುತ್ತಿದ್ದರು. "ತಗೊಳ್ಳಿ ತಗೊಳ್ಳಿ, ನಮ್ದೇನು, ಗುಂಡಿ ಹಾಕೋದು ಮನೇಲೂ ಕಲೀತಾರೆ." ಹಾಗಂದು ಸ್ಟಾಫ್ ರೂಮಿನ ಕಿಟಕಿ ಹತ್ತಿರ ಕೂತು, ಯಾವುದೋ ಮಗುವಿನ ಹರಿದ ಬ್ಯಾಗು ಹೊಲಿಯುತ್ತಿದ್ದರು.

ಅವರ ಅಳತೆ ಮಾತ್ರ ತಪ್ಪಿದ್ದಿಲ್ಲ. ನಮ್ಮೆಲ್ಲರ ಬ್ಲೌಸು ಹೊಲಿಯುತ್ತಿದ್ದವರು ಅವರೇ. ಟೇಪು ಹಿಡಿದು ನಿಲ್ಲಿಸಿ, ಅಳೆಯದೆ, ಮಗ ಹೇಗೆ ಓದುತ್ತಿದ್ದಾನೆ, ಅತ್ತೆಗೆ ಕೆಮ್ಮು ನಿಂತಿತಾ ಅಂತ ವಿಚಾರಿಸುತ್ತಾ ಹೋಗುವರು. ನಾವು ಮಾತಿನಲ್ಲಿ ಮೈಮರೆತಾಗ ಟೇಪು ಸರಕ್ಕನೆ ಸುತ್ತಿ ಬಿಚ್ಚಿರುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ, "ಅಳತೆ ಅಂದ ತಕ್ಷಣ ಎಲ್ರೂ ಉಸಿರು ಬಿಗಿ ಹಿಡೀತಾರೆ ಕಣಮ್ಮ. ಹಿಡ್ದ ಉಸಿರಿಗೆ ಹೊಲಿದ್ರೆ ಬಿಟ್ಟ ಉಸಿರಿಗೆ ಕಿತ್ಕೊಳತ್ತೆ" ಅಂದರು.

ಅವರ ಮನೆ ಅಗ್ರಹಾರದ ಒಂದು ಸಣ್ಣ ಬೀದಿಯಲ್ಲಿ. ಅಣ್ಣನ ಮನೆಯ ಹಿಂಭಾಗದ ಎರಡು ಕೋಣೆ. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಆ ಬೀದಿಗೆ ನನ್ನ ಚಿಕ್ಕ ಕಾರು ಹೇಗೋ ನುಗ್ಗುತ್ತಿತ್ತು. ಒಂದು ಸಂಜೆ ಮನೆ ಬಾಗಿಲಿಗೆ ಬಂದರೂ ಅವರು ಇಳಿಯಲಿಲ್ಲ. ಉಳಿದ ಮೂವರು ಅವತ್ತು ಪೇಟೆಯಲ್ಲಿ ಕೆಲಸವಿದೆ ಅಂತ ದಾರಿಯಲ್ಲೇ ಇಳಿದಿದ್ದರು. "ಐದು ನಿಮಿಷ ಇರು, ಇಳೀತೀನಿ" ಅಂದರು. ಏನು ಸಮಾಚಾರ ಅಂದೆ. "ಏನಿಲ್ಲ. ಒಳಗೆ ಹೋದ್ರೆ ಬೆಳಿಗ್ಗೆವರ್ಗೂ ನನ್ ಜೊತೆ ಮಾತಾಡೋದು ಮಿಷಿನ್ನೊಂದೇ. ಈ ನಿನ್ ಕಾರಲ್ಲಿ ಹೋಗ್ತಾ ನಲವತ್ತು ನಿಮಿಷ, ಬರ್ತಾ ನಲವತ್ತು ನಿಮಿಷ. ಅಷ್ಟೇ ನನ್ ದಿನ" ಅಂದರು. ನಗುತ್ತಲೇ ಅಂದರು. ನಾನೂ ನಕ್ಕೆ. ಎಂಥ ಮಾತು ಹೇಳಿದರು ಅಂತ ಆಗ ಹೊಳೆಯಲಿಲ್ಲ.

ಹೀಗಿರುವಾಗ ನನಗೆ ಬೆನ್ನುನೋವು ಹತ್ತಿಕೊಂಡಿತು. ಡಾಕ್ಟರು ಸೊಂಟದ ಹತ್ತಿರ ಮೂಳೆಯ ನಡುವೆ ಸವೆದಿದೆ ಅಂದರು. ಕಾರೂ ಸವೆದಿತ್ತು. ಸ್ವಲ್ಪ ಎತ್ತರದ, ಸೀಟು ಚೆನ್ನಾಗಿರುವ ಗಾಡಿ ತಗೊಳ್ಳಿ ಅಂತ ಎಲ್ಲರೂ ಹೇಳಿದರು. ಎರಡು ಗಾಡಿಗಳ ಮೇಲೆ ಮನಸ್ಸು ನಿಂತಿತು. ಎರಡೂ ಕ್ರಾಸ್‌ಓವರ್ ಅನ್ನುವ ಜಾತಿಯವು, ಕಾರಿಗಿಂತ ಎತ್ತರ, ಜೀಪಿಗಿಂತ ಮೆತ್ತಗೆ. ಕಾರಿನಲ್ಲಿ ಇದನ್ನು ಹೇಳಿದಾಗ ಹೊಲಿಗೆ ಮೇಡಂ, "ಕ್ರಾಸ್ ಕಟಿಂಗ್ ಬ್ಲೌಸ್ ಗೊತ್ತು, ಕ್ರಾಸ್ ಕಾರು ಎಂಗಿರುತ್ತೋ ನೋಡೇಬುಡಾಣ" ಅಂದರು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾವಿಬ್ಬರೇ ಹೋದೆವು.

ಮೊದಲ ಶೋರೂಮಿನಲ್ಲಿ ನಾನು ಸೀದಾ ಸ್ಟೇರಿಂಗ್ ಹಿಂದೆ ಕೂತೆ. ಅವರು ಸೀದಾ ಹಿಂದಿನ ಬಾಗಿಲು ತೆಗೆದು ನಡುವೆ ಕೂತರು. ಸೇಲ್ಸಿನವನು ಪರದೆ, ಕ್ಯಾಮೆರಾ, ಬಣ್ಣ ಬಣ್ಣದ ದೀಪ ಅಂತ ಹೇಳುತ್ತಿದ್ದರೆ ಇವರು, "ಅದೆಲ್ಲ ಇರ್ಲಿ ಕಣಪ್ಪ, ನೀನು ಈ ಕಡೆ ಕೂತ್ಕೊ, ಆ ಇನ್ನೊಬ್ರನ್ನ ಆ ಕಡೆ ಕೂರಿಸು" ಅಂದರು. ಅವನು ಪೆಚ್ಚಾಗಿ ನಿಂತ. "ಹ್ಯಾಂಗರ್‌ನಲ್ಲಿ ಎಲ್ಲಾ ಬ್ಲೌಸೂ ಚೆನ್ನಾಗೇ ಕಾಣುತ್ತೆ. ಮೂರು ಜನ ಕೂತ್ರೇನೇ ಗೊತ್ತಾಗೋದು." ಪಾಪ, ಟೈ ಕಟ್ಟಿದ ಇಬ್ಬರು ಅವರ ಎಡಬಲಕ್ಕೆ ಬಂದು ಕೂತರು. ಹತ್ತು ನಿಮಿಷ ಹಾಗೇ ಕೂರಿಸಿಕೊಂಡು, ಒಬ್ಬನ ಊರು ಯಾವುದು, ಇನ್ನೊಬ್ಬನಿಗೆ ಮದುವೆ ಆಯಿತಾ ಎಲ್ಲ ವಿಚಾರಿಸಿದರು. ಆಮೇಲೆ ಬ್ಯಾಗಿನಿಂದ ಟೇಪು ತೆಗೆದರು.

ಆ ಗಾಡಿಯ ಹಿಂದಿನ ನೆಲ ಚಪ್ಪಟೆ. ಮಂಡಿಗೂ ಮುಂದಿನ ಸೀಟಿಗೂ ನಡುವೆ ಒಂದು ಗೇಣಿಗಿಂತ ಜಾಸ್ತಿ ಜಾಗ. ಸೀಟಿಗೆ ಬಟ್ಟೆಯ ಹೊದಿಕೆ, ಸ್ವಲ್ಪ ಗಟ್ಟಿ, ಆದರೆ ಈ ಕೊನೆಯಿಂದ ಆ ಕೊನೆವರೆಗೆ ಒಂದೇ ಸಮ. ಮೂರು ತಲೆಗೂ ಮೂರು ಒರಗು. ಮುಂದಿನ ಸೀಟು ಮಾತ್ರ ನನ್ನ ಸೊಂಟದ ಹತ್ತಿರ ಟೊಳ್ಳು ಬಿಡುತ್ತಿತ್ತು. ಕೂತ ಹತ್ತು ನಿಮಿಷಕ್ಕೆ ಹಳೆಯ ನೋವು ಎದ್ದು ಕೂತಿತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಸೀಟನ್ನು ಹಿಂದೆ ಮುಂದೆ ಮಾಡುತ್ತಿದ್ದೆ ಅಷ್ಟೇ. ಹೊಲಿಗೆ ಮೇಡಂ ಹಿಂದಿನಿಂದ ನೋಡುತ್ತಿದ್ದರು. ಅವರ ಮುಖ ಅರಳಿತ್ತು. "ಇದ್ರಲ್ಲಿ ಕಾಲು ಎರಡೂ ಜೊತೆಗಿಟ್ಕೊಂಡು ಕೂರಬೋದು ಕಣಮ್ಮ" ಅಂದರು. ಆರು ವರ್ಷದಿಂದ ಅವರು ನನ್ನ ಕಾರಿನಲ್ಲಿ ಕಾಲು ಜೊತೆಗಿಟ್ಟು ಕೂತಿರಲಿಲ್ಲ.

ಎರಡನೆಯ ಗಾಡಿ ಒಳಗಿನಿಂದ ದೊಡ್ಡ ಮನೆಯ ಹಜಾರದ ಹಾಗಿತ್ತು. ಚರ್ಮದಂಥ ಹೊದಿಕೆ, ಅದರ ಮೇಲೆ ಎದ್ದು ಕಾಣುವ ಹೊಲಿಗೆ. ಆ ಹೊಲಿಗೆಯನ್ನು ಬೆರಳಾಡಿಸಿ ನೋಡಿ, "ಡಬಲ್ ಹೊಲ್ದವ್ರೆ, ನೀಟಾಗೈತೆ" ಅಂತ ಮೆಚ್ಚಿಕೊಂಡರು. ನಾನು ಮುಂದೆ ಕೂತೆ. ಸೀಟಿನ ಪಕ್ಕದ ಗುಂಡಿ ಒತ್ತಿದರೆ ಸೊಂಟದ ಹತ್ತಿರ ಮೆತ್ತಗೆ ಉಬ್ಬಿ ಬಂದು ಬೆನ್ನನ್ನು ಹಿಡಿದುಕೊಂಡಿತು. ಎಷ್ಟೋ ತಿಂಗಳಿಂದ ಹಿಡಿದಿಟ್ಟಿದ್ದ ಉಸಿರು ನನಗೇ ತಿಳಿಯದೆ "ಅಬ್ಬಾ" ಅಂತ ಹೊರಬಂತು.

ಹಿಂದೆ ಅಷ್ಟರಲ್ಲಿ ಸೇಲ್ಸಿನವನು ಸೀಟಿನ ನಡುಭಾಗವನ್ನು ಪಟ್ಟಿ ಹಿಡಿದು ಮುಂದಕ್ಕೆ ಎಳೆದ. ಒರಗುವ ಜಾಗವೇ ಕೆಳಗಿಳಿದು ಕೈಯೊರಗು ಆಯಿತು. ಅದರಲ್ಲಿ ಲೋಟ ಇಡಲು ಎರಡು ಗುಳಿ.

"ಇದು ಯಾರ ಕೈಗಪ್ಪ?" ಅಂತ ಹೊಲಿಗೆ ಮೇಡಂ ಕೇಳಿದರು.

"ಎರಡೂ ಕಡೆಯವರು ಇಟ್ಕೋಬೋದು ಮೇಡಂ. ತುಂಬ ಕಂಫರ್ಟು."

"ಮತ್ತೆ ನಡುವೆ ಕೂರೋರು?"

"ಈ ಗಾಡಿಯಲ್ಲಿ ನಡುವೆ ಸಾಮಾನ್ಯವಾಗಿ ಯಾರೂ ಕೂರಲ್ಲ ಮೇಡಂ."

ಅವರು ಕೈಯೊರಗನ್ನು ತಾವೇ ಮೆಲ್ಲಗೆ ಎತ್ತಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತರು. ಟೇಪು ಹಿಡಿದರು. ಅಳೆದರು. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಈ ಸಲ ಎಡಬಲಕ್ಕೆ ಯಾರನ್ನೂ ಕೂರಿಸಲಿಲ್ಲ.

ಹೊರಗೆ ಬಂದು ಕಬ್ಬಿನ ಹಾಲು ಕುಡಿಯುವಾಗ ಕೇಳಿದೆ, ಯಾವುದು ಮೇಡಂ? "ಎರಡ್ನೇದು. ಕಣ್ಮುಚ್ಕೊಂಡು ತಗೊ" ಅಂದರು. ನಿಮಗೆ ಮೊದಲನೇದೇ ಹಿಡಿಸಿದ ಹಾಗಿತ್ತಲ್ಲ ಅಂದೆ. "ನೋಡೋಕೆ ಅಂಗೆ. ಅಳ್ದು ನೋಡಿದ್ರೆ ಇದ್ರಲ್ಲೇ ನಡುಸೀಟು ಎರಡಿಂಚು ಜಾಸ್ತಿ ಐತೆ" ಅಂದರು. ಅವರ ಟೇಪು ಹೇಳಿದ ಮೇಲೆ ಇನ್ನೇನು? ಅವರ ಅಳತೆಯನ್ನು ಯಾರಾದರೂ ಮತ್ತೆ ಅಳೆದು ನೋಡುತ್ತಾರಾ? ಲೆಕ್ಕದ ಟೀಚರಾದ ನಾನು ಆ ನೋಟ್‌ಬುಕ್ಕನ್ನು ತೋರಿಸಿ ಅಂತಲೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕೇಳುವುದು ಬೇಕಿರಲಿಲ್ಲ, ಬೆನ್ನು ಆಗಲೇ ಎರಡನೆಯದನ್ನು ಆರಿಸಿಬಿಟ್ಟಿತ್ತು.

ಹೊಸ ಗಾಡಿ ಬಂತು. ಹೆಡ್ಮಿಸ್ಸು ತೆಂಗಿನಕಾಯಿ ಒಡೆದರು. ಸೈನ್ಸ್ ಮೇಡಂ, ಹಿಂದಿ ಮೇಡಂ ಹೊಲಿಗೆ ಮೇಡಂಗಿಂತ ಮೊದಲು ಹತ್ತುವವರು. ಹತ್ತಿದ ಕೂಡಲೇ ಕೈಯೊರಗು ಇಳಿಸಿ, ಫ್ಲಾಸ್ಕು, ಪರ್ಸು, ತಿದ್ದುವ ಪುಸ್ತಕ ಜೋಡಿಸಿಕೊಳ್ಳುತ್ತಿದ್ದರು. ಅಗ್ರಹಾರದಲ್ಲಿ ಕಾರು ನಿಂತಾಗ ಅವನ್ನೆಲ್ಲ ಎತ್ತಬೇಕು. ಇವರು ಬಾಗಿಲಲ್ಲಿ ನಿಂತು, "ಸ್ವಲ್ಪ ತೆಗೀತೀರಾ?" ಅನ್ನಬೇಕು. ಪೀರಿಯಡ್ಡನ್ನೇ ಕೇಳುವ ಮುಂಚೆ ಕೊಟ್ಟುಬಿಡುತ್ತಿದ್ದವರು ದಿನಾ ಬೆಳಿಗ್ಗೆ ಜಾಗ ಕೇಳುವ ಹಾಗಾಯಿತು. ಇಬ್ಬರೂ ಒಳ್ಳೆಯವರೇ, ಮುಖ ಸಿಂಡರಿಸಿದವರಲ್ಲ. ಆದರೂ ಫ್ಲಾಸ್ಕು ಎತ್ತುವುದಕ್ಕೆ ಒಂದು ನಿಮಿಷ ಹಿಡಿಯುತ್ತಿತ್ತು. ಆ ಒಂದು ನಿಮಿಷ ಅವರು ಹೊರಗೆ ನಿಂತಿರುತ್ತಿದ್ದರು.

ಮೂರನೇ ವಾರ ನನ್ನ ಹತ್ತಿರ ಬಂದು, "ಬೆಳಿಗ್ಗೆ ಮನೇಲಿ ನಾಲ್ಕು ಜನಕ್ಕೆ ಹೊಲಿಗೆ ಹೇಳ್ಕೊಡ್ತಿದ್ದೀನಿ. ನಿಮ್ ಟೈಮಿಗೆ ಆಗಲ್ಲ. ಬಸ್ಸಲ್ಲೇ ಬರ್ತೀನಿ ಮೇಡಂ" ಅಂದರು. ಸಂಜೆ? ಸಂಜೆಯೂ ಏನೋ ಕೆಲಸ. ನಾನು ಆಯಿತು ಅಂದೆ.

ಒಂದು ಬೆಳಿಗ್ಗೆ ನಮ್ಮ ಗಾಡಿ ಅಗ್ರಹಾರದ ಸಿಗ್ನಲ್ಲಿನಲ್ಲಿ ನಿಂತಿತ್ತು. ಎದುರಿನ ಬಸ್‌ಸ್ಟಾಪಿನಲ್ಲಿ ಅವರಿದ್ದರು. ನಮ್ಮ ಟೈಮಿಗೇ ಇದ್ದರು. ಗಾಡಿಯನ್ನು ನೋಡಿದ ಕೂಡಲೇ ಬೆನ್ನು ತಿರುಗಿಸಿ ಪಕ್ಕದ ಅಂಗಡಿಯಲ್ಲಿ ತೂಗುಬಿಟ್ಟಿದ್ದ ಬಾಳೆಗೊನೆ ನೋಡುತ್ತಾ ನಿಂತರು. ಹಿಂದಿನ ಸೀಟಿನವರು ಫೋನು ನೋಡುತ್ತಿದ್ದರು. ಹಾರ್ನ್ ಹೊಡೆಯಲು ನನ್ನ ಕೈ ಹೋಯಿತು. ಹಸಿರು ದೀಪ ಬಂತು, ಹೊರಟುಬಿಟ್ಟೆ. ಈಗಲೂ ಆ ಸಿಗ್ನಲ್ಲಿಗೆ ಬಂದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಗಾಡಿಯಲ್ಲಿ ಜಾಗ ಬೇಕಾದಷ್ಟಿತ್ತು. ಯಾರ ಮೊಣಕೈ ಯಾರಿಗೂ ತಾಗುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ಕಿಟಕಿಗೆ ಮುಖ ಮಾಡಿ ನಲವತ್ತು ನಿಮಿಷ ಕಳೆಯುತ್ತಿದ್ದೆವು. ಹೆಡ್ಮಿಸ್ಸು ಒಂದೆರಡು ಸಲ ಹಿಂದಕ್ಕೆ ತಿರುಗಿ, ಏನೋ ಕೇಳಲು ಹೋಗಿ, ಮತ್ತೆ ಮುಂದಕ್ಕೆ ತಿರುಗಿಕೊಂಡರು.

ಒಂದು ಭಾನುವಾರ ಗಾಡಿ ತೊಳೆದು ಒರೆಸುವಾಗ, ಯಾಕೋ ಹಿಂದೆ ಹತ್ತಿ ನಡುವೆ ಕೂತೆ. ನನ್ನ ಗಾಡಿಯ ನಡುಸೀಟಿನಲ್ಲಿ ನಾನು ಕೂತಿದ್ದು ಅದೇ ಮೊದಲು. ಹತ್ತು ನಿಮಿಷ ಕೂತೆ. ಕೈಯೊರಗಿನ ಗಟ್ಟಿ ಬೆನ್ನು ನನ್ನ ಬೆನ್ನೆಲುಬಿಗೆ ಸರಿಯಾಗಿ ಒತ್ತುತ್ತಿತ್ತು. ಕೂರುವ ಜಾಗ ಎಡಕ್ಕೂ ಬಲಕ್ಕೂ ಜಾರುತ್ತಿತ್ತು. ಕಾಲಿಗೆ ಹಳೆಯ ಕಾರಿಗಿಂತ ದೊಡ್ಡ ಉಬ್ಬು. ಎರಡಿಂಚು ಜಾಸ್ತಿ ಅಂದದ್ದು ಸುಳ್ಳು ಅಂತ ಅಳೆಯದೆಯೇ ಗೊತ್ತಾಯಿತು.

ಅವರು ನಿವೃತ್ತರಾದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಹೆಡ್ಮಿಸ್ಸೇ, "ಇವತ್ತು ಅವರೊಬ್ಬರನ್ನೇ ಆರಾಮಾಗಿ ಮನೆಗೆ ಬಿಟ್ಟು ಬನ್ನಿ, ನಾವು ಬಸ್ಸಲ್ಲಿ ಬರ್ತೀವಿ" ಅಂದು, ತಮ್ಮ ಮುಂದಿನ ಸೀಟಿನ ಬಾಗಿಲು ತೆಗೆದು ಹಿಡಿದರು. ಹೊಲಿಗೆ ಮೇಡಂ ಮೊದಲ ಸಲ ಮುಂದೆ ಕೂತರು. ಸೀಟ್ ಬೆಲ್ಟು ಎಲ್ಲಿದೆ ಅಂತ ಬಲಗಡೆ ಹುಡುಕಿದರು. ನಾನೇ ಬಗ್ಗಿ ಹಾಕಿದೆ.

ರಿಂಗ್ ರೋಡು ದಾಟಿತು. ಪಕ್ಕಕ್ಕೆ ತಿರುಗಿ ನೋಡಿದೆ. ಅಷ್ಟು ಅಗಲದ ಸೀಟಿನಲ್ಲಿ, ಆಚೀಚೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ, ಭುಜ ಎರಡನ್ನೂ ಮುಂದಕ್ಕೆ ಕುಗ್ಗಿಸಿ, ಬೆನ್ನು ತಾಗಿಸದೆ ಕೂತಿದ್ದರು.

"ಹಿಂದಕ್ಕೆ ಒರಗಿ ಮೇಡಂ" ಅಂದೆ.

"ಇರ್ಲಿ ಬುಡು. ಇಂಗೇ ಅಭ್ಯಾಸ."

ಆಗ ಕೇಳಿದೆ. "ಆವತ್ತು ಎರಡಿಂಚು ಜಾಸ್ತಿ ಅಂತ ಯಾಕೆ ಸುಳ್ಳು ಹೇಳಿದ್ರಿ?"

ಅವರು ನಕ್ಕರು. "ನಿನ್ ಬೆನ್ನು ಇನ್ನೂ ಇಪ್ಪತ್ತು ವರ್ಷ ಗಾಡಿ ಓಡಿಸ್ಬೇಕು. ನಾನು ಕೂರೋದು ಒಂದೂವರೆ ವರ್ಷ. ಯಾವ್ದು ಮುಖ್ಯ? ಲೆಕ್ಕದ ಟೀಚರ್ರು ನೀನೇ ಹೇಳು."

"ಒಂದೂವರೆ ವರ್ಷಾನೂ ಕೂರ್ಲಿಲ್ವಲ್ಲ ಮೇಡಂ" ಅಂದೆ.

ಅವರು ಹಾರದ ಒಂದೊಂದೇ ಹೂ ಬಿಡಿಸಿ ಮಡಿಲಲ್ಲಿ ಹಾಕಿಕೊಳ್ಳುತ್ತಾ ಕೂತರು. ಅವರ ಬೀದಿಯ ತುದಿ ಬಂತು. ಈ ಗಾಡಿ ಆ ಬೀದಿಯೊಳಗೆ ಹೋಗುವುದಿಲ್ಲ. "ಇಲ್ಲೇ ನಿಲ್ಸು, ನಡ್ಕೊಂಡ್ ಹೋಯ್ತೀನಿ" ಅಂದರು. ಇಳಿಯಲು ಬಿಡಬಾರದು ಅನ್ನಿಸಿತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ನಾಳೆಯಿಂದ ನೀವು ಮುಂದೇನೇ ಕೂತ್ಕೊಳ್ಳಿ ಮೇಡಂ. ನಾನೇ ಬಂದು ಇಲ್ಲಿಂದ ಕರ್ಕೊಂಡ್ ಹೋಗ್ತೀನಿ."

ಅವರು ನನ್ನ ಮುಖವನ್ನೇ ನೋಡಿದರು. "ನಾಳೆ ನಾನು ಎಲ್ಲಿಗೆ ಹೋಗ್ಬೇಕು ಕಣಮ್ಮ?"

ಹಿಂದೆ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. "ಬೆಟ್ಟಕ್ಕೆ" ಅಂದೆ. "ನಾವಿಬ್ಬರೇ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರೋಣ. ಈ ಭಾನುವಾರ."

"ಬತ್ತೀನಿ" ಅಂದರು. "ತಿಂಡಿ ನಾನೇ ಕಟ್ಕೊಂಡ್ ಬತ್ತೀನಿ, ನೀನು ಏನೂ ತರಬ್ಯಾಡ."

ಆ ಭಾನುವಾರ ನನಗೆ ಚುನಾವಣೆ ತರಬೇತಿ ಹಾಕಿದರು. ಮುಂದಿನ ಭಾನುವಾರ ನಾದಿನಿಯ ಮನೆಯ ಗೃಹಪ್ರವೇಶ. ಆಮೇಲೆ ಆಷಾಢ, ಬೆಟ್ಟದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮುಗಿಯಲಿ ಅಂದುಕೊಂಡೆ. ಆಮೇಲೆ ದಸರಾ, ಆಮೇಲೆ ಪರೀಕ್ಷೆ, ಆಮೇಲೆ ಹೆಡ್ಮಿಸ್ಸಿನ ಆ ಫೋನು. ಅದಕ್ಕೆ ಮುಂಚೆ ಎರಡು ಸಲ ಹೊಲಿಗೆ ಮೇಡಂ ತಾವೇ ಫೋನು ಮಾಡಿ, "ಈ ವಾರ ಪುರುಸೊತ್ತಾ?" ಅಂತ ಕೇಳಿದ್ದರು. ಅಗ್ರಹಾರದಿಂದ ಬೆಟ್ಟಕ್ಕೆ ನನ್ನ ಗಾಡಿಯಲ್ಲಿ ಇಪ್ಪತ್ತೈದು ನಿಮಿಷದ ದಾರಿ.